ಮುಚ್ಚಿಹೋಗುವ ಮೊದಲು ನೋಡಿ: ಬೆಂಗಳೂರಲ್ಲಿ ಸೈಟು ಹುಡುಕೋದರಿಂದ ಒಸಿ (ವಾಸಕ್ಕೆ ಪಾಲಿಕೆ ಕೊಡುವ ಪತ್ರ) ತನಕ ಮನೆ ಕಟ್ಟುವವರಿಗೊಂದು ಸಮಗ್ರ ಮಾರ್ಗದರ್ಶಿ

ನಮ್ಮ ಮನೆಯ ಮೊದಲ ಮಹಡಿಯ ಪಿಲ್ಲರ್‌ಗಳಿಗೆ ಕಾಂಕ್ರೀಟ್ ಗಟ್ಟಿಯಾಗುವ ತನಕ ಅಚ್ಚಿನ ಹಾಗೆ ಹಾಕಿದ್ದ ಶೀಟು ಬಿಚ್ಚುವ ದಿನ ನಾನು ಬೆಳಿಗ್ಗೆ ಏಳೂವರೆಗೇ ಸೈಟಿನಲ್ಲಿದ್ದೆ. ಒಂಬತ್ತು ಪಿಲ್ಲರ್ ಚೆನ್ನಾಗಿ ಬಂದಿದ್ದವು. ಮೂಲೆಯ ಒಂದರ ಬುಡದಲ್ಲಿ ಮಾತ್ರ ಒಂದು ಗೇಣಿನಷ್ಟು ಜಾಗದಲ್ಲಿ ಬರೀ ಜಲ್ಲಿ ಕಾಣುತ್ತಿತ್ತು, ನಡುವೆ ಸಿಮೆಂಟೇ ಇಲ್ಲ. ಬೆರಳು ತೂರಿಸಿದೆ. ಒಳಗಿನ ಕಬ್ಬಿಣ ತಾಗಿತು. ಅಷ್ಟರಲ್ಲಿ ಒಬ್ಬ ಹುಡುಗ ಬಾಂಡ್ಲಿಯಲ್ಲಿ ಸಿಮೆಂಟ್ ಕಲಸಿಕೊಂಡು ಬಂದ. "ಸಾರ್, ಒಂಚೂರು ಮೆತ್ತಿಬಿಟ್ರೆ ಮುಗೀತು, ಗೊತ್ತೇ ಆಗಲ್ಲ" ಅಂದರು ಮೇಸ್ತ್ರಿ.

ಅವರು ಹೇಳಿದ್ದು ನಿಜ. ಹತ್ತು ಗಂಟೆಗೆ ಹೋಗಿದ್ದರೆ ನನಗೆ ಗೊತ್ತೇ ಆಗುತ್ತಿರಲಿಲ್ಲ.

ಅವತ್ತು ಕೆಲಸ ನಿಲ್ಲಿಸಿ ಸ್ಟ್ರಕ್ಚರಲ್ ಎಂಜಿನಿಯರ್‌ರನ್ನು ಕರೆಸಿದೆವು. ಸಡಿಲವಾಗಿದ್ದ ಜಲ್ಲಿಯನ್ನೆಲ್ಲ ಕೆತ್ತಿ ತೆಗೆಸಿ, ಕುಗ್ಗದ ಗ್ರೌಟ್ ತುಂಬಿಸಿದರು. ಎರಡು ದಿನ ಹೋಯಿತು, ಅಷ್ಟೇ. ಆದರೆ ಮನೆ ಕಟ್ಟೋದರಲ್ಲಿ ನಾನು ಕಲಿತ ದೊಡ್ಡ ಪಾಠ ಅಲ್ಲಿದೆ. ಪ್ರತಿಯೊಂದಕ್ಕೂ ಒಂದು ದಿನ ಇರುತ್ತದೆ, ಅದು ಕಣ್ಣಿಗೆ ಕಾಣುವ ದಿನ. ಪಾಯದ ಮಣ್ಣು, ಪಿಲ್ಲರ್ ಒಳಗಿನ ರಿಂಗು, ಬಾತ್‌ರೂಮಿನ ಕೆಳಗಿನ ಪೈಪು, ಎಲ್ಲವೂ ಒಂದು ದಿನ ಕಾಣುತ್ತವೆ, ಮಾರನೇ ದಿನ ಮುಚ್ಚಿಹೋಗುತ್ತವೆ. ಕಾಗದಪತ್ರವೂ ಹಾಗೇ. ಅಡ್ವಾನ್ಸ್ ಕೊಡುವ ತನಕ ಎಲ್ಲ ನೋಡಬಹುದು, ಕೊಟ್ಟ ಮೇಲೆ ನೋಡಿ ಏನು ಪ್ರಯೋಜನ? ನಮ್ಮ ಮನೆ ಆದ ಮೇಲೆ ಅಕ್ಕನ ಮನೆ, ಆಮೇಲೆ ಇಬ್ಬರು ಗೆಳೆಯರ ಮನೆ ಅಂತ ನಾಲ್ಕು ಕೆಲಸ ಹತ್ತಿರದಿಂದ ನೋಡಿದ್ದೇನೆ. ಯಾವ ಹಂತದಲ್ಲಿ ಏನು ನೋಡಬೇಕು ಅನ್ನೋದನ್ನು ಅದರಿಂದಲೇ ಬರೆಯುತ್ತಿದ್ದೇನೆ.

ಮೊದಲ ಹೆಜ್ಜೆ: ಸೈಟಿನ ಬಣ್ಣ ನೋಡಿ

ಸೈಟು ನೋಡಲು ಹೋದಾಗ ಎಲ್ಲರೂ ಕೇಳೋದು ಅಳತೆ, ದಿಕ್ಕು, ರೇಟು. ನೀವು ಮೊದಲು ಸರ್ವೆ ನಂಬರ್ ಕೇಳಿ. ಅದೊಂದು ಇದ್ದರೆ ಅರ್ಧ ಕೆಲಸ ಮನೆಯಲ್ಲಿ ಕೂತೇ ಮಾಡಬಹುದು.

ಬೆಂಗಳೂರಿನ ಯಾವ ಜಾಗದಲ್ಲಿ ಏನು ಕಟ್ಟಬಹುದು ಅಂತ ಹೇಳೋದು ಬಿಡಿಎ, ಅಂದರೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ, ಮಾಡಿದ ಮಾಸ್ಟರ್ ಪ್ಲಾನ್. ಜನ ಇನ್ನೂ ಅದನ್ನು ಸಿಡಿಪಿ ಅಂತಲೇ ಕರೆಯುತ್ತಾರೆ. ಈಗ ನೋಡಬೇಕಾದ ನಕ್ಷೆ ಪರಿಷ್ಕೃತ ಮಾಸ್ಟರ್ ಪ್ಲಾನ್, ಅಂದರೆ ಆರ್‌ಎಂಪಿ 2015. ಹೆಸರಲ್ಲಿ 2015 ಇದ್ದರೂ ಜಾರಿಗೆ ಬಂದಿದ್ದು 2007ರಲ್ಲಿ. 2031ರ ತನಕದ ಹೊಸ ಯೋಜನೆಯ ಕರಡು 2017ರಲ್ಲಿ ಹೊರಬಂತು, ಜನ ಸಾವಿರಾರು ಆಕ್ಷೇಪಣೆ ಹಾಕಿದರು, ಕೊನೆಗೆ ಅದು ಜಾರಿಗೆ ಬರಲೇ ಇಲ್ಲ. ಮೆಟ್ರೋ ಬಂತು, ಊರು ಹೊಸಕೋಟೆ, ಆನೇಕಲ್ ಕಡೆಗೆ ಹಬ್ಬಿತು. ನಕ್ಷೆ ಮಾತ್ರ ಹಳೆಯದೇ. ನನಗೆ ತುಂಬಾ ಬೇಜಾರಾಗುವ ವಿಷಯ ಇದು, ಯಾಕಂದರೆ ನಕ್ಷೆಗೂ ನೆಲಕ್ಕೂ ನಡುವೆ ಬಿರುಕು ಬಿಟ್ಟಷ್ಟೂ ಸಿಕ್ಕಿಹಾಕಿಕೊಳ್ಳುವವರು ಸಾಲ ಮಾಡಿ ಸೈಟು ತಗೊಂಡ ಸಾಮಾನ್ಯ ಜನ.

ನಕ್ಷೆಯಲ್ಲಿ ಹಳದಿ ಅಂದರೆ ವಸತಿ. ನೀಲಿ ವಾಣಿಜ್ಯ, ನೇರಳೆ ಕೈಗಾರಿಕೆ, ಕೆಂಪು ಸಾರ್ವಜನಿಕ ಉಪಯೋಗ, ಹಸಿರು ಪಾರ್ಕು ಮತ್ತು ಬಯಲು. ಊರಾಚೆಯ ತೆಳು ಹಸಿರು ಕೃಷಿ ವಲಯ. ನಿಮ್ಮ ಸರ್ವೆ ನಂಬರ್ ಯಾವ ಬಣ್ಣದೊಳಗೆ ಬಿದ್ದಿದೆ ನೋಡಿ. ಪಕ್ಕದಲ್ಲಿ ನಲವತ್ತು ಮನೆ ಎದ್ದಿವೆ ಅಂದ ಮಾತ್ರಕ್ಕೆ ಅದು ಹಳದಿ ಅಲ್ಲ. ನಕ್ಷೆ ನೋಡಿ ಖಚಿತವಾಗದಿದ್ದರೆ ಭೂ ಉಪಯೋಗದ ದೃಢೀಕರಣ ಪತ್ರಕ್ಕೆ ಅರ್ಜಿ ಹಾಕಿ. ಊರಾಚೆ ಆದರೆ ಬಿಡಿಎ ಅಲ್ಲ, ಆನೇಕಲ್, ಹೊಸಕೋಟೆ, ನೆಲಮಂಗಲದಂಥ ಬೇರೆ ಯೋಜನಾ ಪ್ರಾಧಿಕಾರಗಳಿವೆ, ಅಲ್ಲಿ ಕೇಳಬೇಕು.

ಇಲ್ಲಿ ತುಂಬಾ ಜನ ಎಡವೋದು ಎರಡು ಬೇರೆ ವಿಷಯಗಳನ್ನು ಒಂದೇ ಅಂದುಕೊಂಡು. "ಡಿಸಿ ಕನ್ವರ್ಷನ್ ಆಗಿದೆ ಸಾರ್, ಏನೂ ತೊಂದರೆ ಇಲ್ಲ" ಅಂತ ಬ್ರೋಕರ್ ಹೇಳುತ್ತಾರೆ. ಕನ್ವರ್ಷನ್ ಅಂದರೆ 1964ರ ಭೂ ಕಂದಾಯ ಕಾಯ್ದೆಯ 95ನೇ ಕಲಂ ಪ್ರಕಾರ ಕೃಷಿ ಜಮೀನನ್ನು ಬೇರೆ ಉಪಯೋಗಕ್ಕೆ ಪರಿವರ್ತಿಸೋದು. ಮಾಸ್ಟರ್ ಪ್ಲಾನಿನ ಬಣ್ಣ ಬದಲಾಗೋದು ಬೇರೆಯೇ ದಾರಿ. ಅದು 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 14ಎ ಕಲಂ. ಅದಕ್ಕೆ ಪತ್ರಿಕೆಯಲ್ಲಿ ಪ್ರಕಟಣೆ ಕೊಡಬೇಕು, ಸಾರ್ವಜನಿಕರ ಆಕ್ಷೇಪಣೆ ಕೇಳಬೇಕು, ಶುಲ್ಕ ಕಟ್ಟಬೇಕು, ಸರ್ಕಾರದ ಮಟ್ಟದಲ್ಲಿ ಒಪ್ಪಿಗೆ ಆಗಬೇಕು. ಕನ್ವರ್ಷನ್ ಆದೇಶದಲ್ಲೂ 'ವಸತಿ' ಅಂತಿದೆಯೋ 'ಕೈಗಾರಿಕೆ' ಅಂತಿದೆಯೋ ಓದಿ. ಕೈಗಾರಿಕೆಗೆ ಪರಿವರ್ತನೆಯಾದ ಜಮೀನನ್ನು ಮೂವತ್ತು ನಲವತ್ತರ ಸೈಟುಗಳಾಗಿ ತುಂಡು ಮಾಡಿ ಮಾರಿದ್ದನ್ನು ನಾನೇ ನೋಡಿದ್ದೇನೆ, ಆದೇಶದ ಎರಡನೇ ಪುಟದಲ್ಲಿ ಅದು ಸ್ಪಷ್ಟವಾಗಿ ಬರೆದಿತ್ತು, ಕೊಂಡವರ್ಯಾರೂ ಆ ಪುಟ ತಿರುವಿರಲಿಲ್ಲ.

ಇನ್ನೊಂದು, ನಿಮ್ಮ ಬೀದಿಯಲ್ಲೇ ಯಾರೋ 14ಎ ಅರ್ಜಿ ಹಾಕಿ ವಸತಿ ಜಾಗವನ್ನು ವಾಣಿಜ್ಯಕ್ಕೆ ಬದಲಿಸಲು ಹೊರಟಿದ್ದರೆ ಆ ಪತ್ರಿಕಾ ಪ್ರಕಟಣೆ ನಿಮಗೂ ಸೇರಿದ್ದು. ಕೊಟ್ಟ ದಿನಗಳೊಳಗೆ ಲಿಖಿತವಾಗಿ ಆಕ್ಷೇಪಣೆ ಸಲ್ಲಿಸಿ, ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ರಸ್ತೆ ಎಷ್ಟು ಅಗಲ, ಚರಂಡಿ ಎಷ್ಟು ತಡೆಯುತ್ತದೆ, ನೀರು ವಾರಕ್ಕೆ ಎಷ್ಟು ದಿನ ಬರುತ್ತದೆ ಅಂತ ಬರೆಯಿರಿ. ಸುಮ್ನೆ 'ನಮಗೆ ಬೇಡ' ಅಂತ ಬರೆದರೆ ಅದಕ್ಕೆ ತೂಕ ಇರುವುದಿಲ್ಲ.

ಎರಡನೇ ಹೆಜ್ಜೆ: ನೀರು ಎಲ್ಲಿ ಹರಿಯುತ್ತಿತ್ತು ಕೇಳಿ

ದಿಶಾಂಕ್ ಆಪ್ ಹಾಕಿಕೊಳ್ಳಿ. ಸೈಟಿನಲ್ಲಿ ನಿಂತು ತೆರೆದರೆ ನೀವು ಯಾವ ಸರ್ವೆ ನಂಬರಿನಲ್ಲಿದ್ದೀರಿ ಅಂತ ತೋರಿಸುತ್ತದೆ, ಹಳೆಯ ಗ್ರಾಮ ನಕ್ಷೆಯ ಕೆರೆ, ಕಾಲುವೆ ಕೂಡ ಕಾಣುತ್ತವೆ. ಆರ್‌ಎಂಪಿ 2015ರ ಪ್ರಕಾರ ಕೆರೆಯ ಸುತ್ತ 30 ಮೀಟರ್ ಬಿಡಬೇಕು. ರಾಜಕಾಲುವೆಗೆ, ಅಂದರೆ ಮಳೆನೀರು ಹರಿಯುವ ದೊಡ್ಡ ಕಾಲುವೆಗೆ, ಅದರ ಮಧ್ಯದಿಂದ ಅಳೆದು, ಪ್ರಥಮ ದರ್ಜೆಗೆ 50, ದ್ವಿತೀಯಕ್ಕೆ 25, ತೃತೀಯಕ್ಕೆ 15 ಮೀಟರ್. 2016ರಲ್ಲಿ ಹಸಿರು ನ್ಯಾಯಮಂಡಳಿ ಈ ದೂರ ಹೆಚ್ಚಿಸಿತ್ತು, 2019ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಕಾನೂನಿನ ಅಂಕಿ ಒಂದು ಕಡೆ ಇರಲಿ, ನೀರು ಕೋರ್ಟಿನ ಆದೇಶ ಓದಿ ಹರಿಯುವುದಿಲ್ಲ. 2022ರ ಸೆಪ್ಟೆಂಬರ್ ಮಳೆಯಲ್ಲಿ ಯಮಲೂರು, ಬೆಳ್ಳಂದೂರಿನ ಕಡೆ ಕೋಟಿಗಟ್ಟಲೆ ಬೆಲೆಯ ಮನೆಯವರನ್ನು ದೋಣಿಯಲ್ಲಿ, ಟ್ರ್ಯಾಕ್ಟರಿನಲ್ಲಿ ಕರೆದುಕೊಂಡು ಬಂದರಲ್ಲ, ಅದಾದ ಮೇಲೆ ಮಹದೇವಪುರದಲ್ಲಿ ಒತ್ತುವರಿ ತೆರವು ಶುರುವಾಯಿತು.

ಆಪ್ ನೋಡಿದ ಮೇಲೂ ಒಂದು ಕೆಲಸ ಮಾಡಿ. ಜೋರು ಮಳೆ ಬಂದ ಮಾರನೇ ದಿನ ಸೈಟಿಗೆ ಹೋಗಿ. ಪಕ್ಕದ ಕಾಂಪೌಂಡ್ ಗೋಡೆ ಮೇಲೆ ಕೆಸರಿನ ಗೆರೆ ಎಷ್ಟು ಎತ್ತರಕ್ಕಿದೆ ನೋಡಿ. ಆ ಊರಿನ ಹಳೆಯ ಅಜ್ಜ ಯಾರಾದರೂ ಅಂಗಡಿ ಮುಂದೆ ಕೂತಿದ್ದರೆ ಹತ್ತಿರ ಹೋಗಿ, "ಇಲ್ಲಿ ಮೊದಲು ಏನಿತ್ತು ಅಜ್ಜಾ?" ಅಂತ ಕೇಳಿ. ನನ್ನ ಗೆಳೆಯನಿಗೆ ಸಿಕ್ಕ ಉತ್ತರ ಎರಡೇ ಮಾತು, "ಭತ್ತದ ಗದ್ದೆ". ಗದ್ದೆ ಇತ್ತು ಅಂದರೆ ಮೇಲೆ ಕೆರೆ ಇತ್ತು ಅಂತ ಅರ್ಥ, ಆ ಸೈಟನ್ನು ಅವನು ಬಿಟ್ಟ. ಈ ಊರಿನಲ್ಲಿ ಮೆಜೆಸ್ಟಿಕ್ ಬಸ್ ನಿಲ್ದಾಣ ಇರುವುದೇ ಧರ್ಮಾಂಬುಧಿ ಕೆರೆಯ ಜಾಗದಲ್ಲಿ, ಕಂಠೀರವ ಸ್ಟೇಡಿಯಂ ಸಂಪಂಗಿ ಕೆರೆಯ ಮೇಲೆ. ನಿಮ್ಮ ಸೈಟಿನ ಕೆಳಗೂ ಏನೋ ಒಂದು ಇದ್ದೇ ಇರುತ್ತದೆ.

ಮೂರನೇ ಹೆಜ್ಜೆ: ಕಾಗದ

ಇದನ್ನು ವಕೀಲರಿಗೆ ಕೊಡಿ, ಆದರೆ ಕೊಡುವ ಮುಂಚೆ ನೀವೂ ಓದಿ. ಮೂಲ ಪತ್ರದಿಂದ ಈಗಿನ ಮಾಲೀಕರ ತನಕ ಸರಪಳಿ ಎಲ್ಲೂ ತುಂಡಾಗಿರಬಾರದು. ಮೂವತ್ತು ವರ್ಷದ ಇಸಿ (ಆಸ್ತಿಯ ಮೇಲಿನ ನೋಂದಾಯಿತ ವ್ಯವಹಾರ, ಸಾಲಗಳ ಪಟ್ಟಿ), ಹಳೆಯ ಪಹಣಿ, ಮ್ಯುಟೇಶನ್, ಕಂದಾಯ ಕಟ್ಟಿದ ರಸೀದಿ ನೋಡಿ. ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಾದರೆ ಅದರ ಮಾರಾಟವನ್ನು ತಡೆಯುವ 1978ರ ಪಿಟಿಸಿಎಲ್ ಕಾಯ್ದೆ ಅಡ್ಡ ಬರುತ್ತದೆ, ಎಷ್ಟು ಕೈ ಬದಲಾಗಿದ್ದರೂ ಬಿಡುವುದಿಲ್ಲ. ಪಹಣಿಯಲ್ಲಿ 'ಬಿ ಖರಾಬು' (ದಾರಿ, ಹಳ್ಳದಂಥ ಸಾರ್ವಜನಿಕ ಜಾಗ) ಅಂತ ಎಷ್ಟು ಗುಂಟೆ ಇದೆ, ಅದು ನಿಮ್ಮ ಸೈಟಿನ ಕಡೆಗೇ ಇದೆಯಾ ನೋಡಿ.

ಭೂಸ್ವಾಧೀನದ ಅಧಿಸೂಚನೆ ಇದೆಯಾ ಅನ್ನೋದನ್ನು ಮರೆಯಲೇಬೇಡಿ. ಡಾ. ಕೆ. ಶಿವರಾಮ ಕಾರಂತ ಬಡಾವಣೆಗೆ 17 ಹಳ್ಳಿಗಳ ಜಮೀನಿಗೆ ಪ್ರಾಥಮಿಕ ಅಧಿಸೂಚನೆ ಬಂದಿದ್ದು 2008ರ ಕೊನೆಯಲ್ಲಿ. ಆಮೇಲೆ ವರ್ಷಗಟ್ಟಲೆ ಏನೂ ಆಗಲಿಲ್ಲ, ಜನ ಸೈಟು ತಗೊಂಡು ಮನೆ ಕಟ್ಟಿಕೊಂಡರು. 2018ರಲ್ಲಿ ಸುಪ್ರೀಂ ಕೋರ್ಟ್ ಬಡಾವಣೆ ಮುಂದುವರಿಸಿ ಅಂದಿತು. ಮನೆ ಉಳಿಸಿಕೊಳ್ಳಲು ಅಲ್ಲಿನವರು ಕೋರ್ಟ್ ನೇಮಿಸಿದ ಸಮಿತಿಯ ಮುಂದೆ ಹಳೆಯ ಕರೆಂಟ್ ಬಿಲ್ಲು, ಫೋಟೋ ಹಿಡಿದು ನಿಲ್ಲಬೇಕಾಯಿತು.

ಖಾತಾ, ಅಂದರೆ ಪಾಲಿಕೆಯ ಆಸ್ತಿ ದಾಖಲೆಯ ವಿಷಯ. ಎ ಖಾತಾ ಕ್ರಮಬದ್ಧ ಆಸ್ತಿಗೆ. ಬಿ ಖಾತಾ ಅಂದರೆ ತೆರಿಗೆ ಕಟ್ಟಿಸಿಕೊಳ್ಳಲು ಇಟ್ಟ ಪುಸ್ತಕದಲ್ಲಿ ನಿಮ್ಮ ಹೆಸರಿದೆ ಅಂತ, ಅಷ್ಟೇ. ಅದರ ಮೇಲೆ ನಕ್ಷೆ ಮಂಜೂರಾತಿ ಸಿಗೋದಿಲ್ಲ, ಹೆಚ್ಚಿನ ಬ್ಯಾಂಕುಗಳು ಸಾಲಕ್ಕೆ ಹಿಂದೇಟು ಹಾಕುತ್ತವೆ. 'ಅಕ್ರಮ ಸಕ್ರಮ ಬರುತ್ತೆ, ದಂಡ ಕಟ್ಟಿ ಸರಿ ಮಾಡಿಕೊಳ್ಳೋಣ' ಅಂತ ಕಾದವರಿಗೆ 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ಸಿಕ್ಕಿತು. 2025ರಲ್ಲಿ ಬಿ ಇಂದ ಎ ಖಾತಾಗೆ ಬದಲಿಸಿಕೊಳ್ಳುವ ಯೋಜನೆ ಬಂದಿದೆ ನಿಜ, ಆದರೆ ಅದು ಸೈಟಿಗೆ. ನಿಯಮ ಮೀರಿ ಕಟ್ಟಿದ ಮಹಡಿ ಅದರಿಂದ ಸಕ್ರಮ ಆಗುವುದಿಲ್ಲ. 2024ರ ಕೊನೆಯಿಂದ ಬೆಂಗಳೂರಲ್ಲಿ ನೋಂದಣಿಗೆ ಇ-ಖಾತಾ (ಕಂಪ್ಯೂಟರಿನಲ್ಲಿ ದಾಖಲಾದ ಖಾತಾ) ಬೇಕೇ ಬೇಕು. ಹಾಗಾಗಿ ಮಾರುವವರ ಹತ್ತಿರ ಇ-ಖಾತಾ ಇದೆಯಾ, ಅದರಲ್ಲಿ ಅಳತೆ ಮತ್ತು ಚೆಕ್ಕುಬಂದಿ ಪತ್ರಕ್ಕೆ ಹೊಂದುತ್ತದೆಯಾ ಮೊದಲೇ ನೋಡಿ.

ನಾಲ್ಕನೇ ಹೆಜ್ಜೆ: ಎರಡು ನಕ್ಷೆ, ಒಂದು ಮಣ್ಣಿನ ಪರೀಕ್ಷೆ

ಈಗ ಬಿಬಿಎಂಪಿ ಇಲ್ಲ. 2025ರ ಸೆಪ್ಟೆಂಬರ್‌ನಿಂದ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ನಗರ ಪಾಲಿಕೆಗಳಿವೆ. ನಿಮ್ಮ ವಾರ್ಡು ಯಾವುದಕ್ಕೆ ಸೇರಿದೆ ನೋಡಿ ಅಲ್ಲೇ ಅರ್ಜಿ. 50×80 ಅಡಿವರೆಗಿನ ಸೈಟಿನಲ್ಲಿ ವಾಸದ ಮನೆ ಕಟ್ಟೋದಾದರೆ 'ನಂಬಿಕೆ ನಕ್ಷೆ' ಅಂತ 2024ರಲ್ಲಿ ಶುರುವಾದ ಆನ್‌ಲೈನ್ ವ್ಯವಸ್ಥೆ ಇದೆ, ನೋಂದಾಯಿತ ಎಂಜಿನಿಯರ್ ಅಥವಾ ಆರ್ಕಿಟೆಕ್ಟ್ ಮೂಲಕ ತಾತ್ಕಾಲಿಕ ಮಂಜೂರಾತಿ ಬೇಗ ಸಿಗುತ್ತದೆ, ಪಾಲಿಕೆ ಆಮೇಲೆ ದಾಖಲೆ ಪರಿಶೀಲಿಸುತ್ತದೆ. ಸುಳ್ಳು ದಾಖಲೆ ಕೊಟ್ಟಿದ್ದರೆ ಆಗ ಸಿಕ್ಕಿಬೀಳುತ್ತೀರಿ.

ಎಫ್‌ಎಆರ್ (ಸೈಟಿನ ಅಳತೆಯ ಎಷ್ಟು ಪಟ್ಟು ಕಟ್ಟಬಹುದು ಅನ್ನೋದು) ಲೆಕ್ಕ ಸುಲಭ. 30×40 ಸೈಟು ಅಂದರೆ 1200 ಚದರ ಅಡಿ. ಎಫ್‌ಎಆರ್ 1.75 ಇದ್ದರೆ ಎಲ್ಲ ಮಹಡಿ ಸೇರಿ 2100 ಚದರ ಅಡಿ ಕಟ್ಟಬಹುದು. ಆದರೆ ಬಾಡಿಗೆ ಆಸೆ ಅಲ್ಲಿಗೆ ನಿಲ್ಲುವುದಿಲ್ಲ ಅಲ್ವಾ? ನಾಲ್ಕು ಮಹಡಿ, ಮೇಲೊಂದು ಸಿಂಗಲ್ ರೂಮು, ಅದರ ಮೇಲೆ ನೀರಿನ ಟ್ಯಾಂಕು. ಸೈಟಿನ ಅಂಚಿನಲ್ಲಿ ಖಾಲಿ ಬಿಡಬೇಕಾದ ಸೆಟ್‌ಬ್ಯಾಕ್ ನುಂಗಿ, ಪಕ್ಕದ ಮನೆಯ ಕಿಟಕಿಗೆ ಕೈ ಇಟ್ಟರೆ ತಾಗುವ ಹಾಗೆ.

ದಯವಿಟ್ಟು ಇದನ್ನು ಮಾಡಬೇಡಿ. ದಂಡದ ಭಯಕ್ಕೆ ಹೇಳುತ್ತಿಲ್ಲ. ಪಾಯ ಮತ್ತು ಪಿಲ್ಲರ್ ಲೆಕ್ಕ ಹಾಕಿದ್ದು ಇಷ್ಟೇ ಮಹಡಿಗೆ ಅಂತ. ಮೇಲೆ ಹೊರಿಸಿದ ಪ್ರತಿ ಮಹಡಿಯ ಭಾರವನ್ನೂ ಅದೇ ಪಿಲ್ಲರ್ ಹೊರಬೇಕು. ಧಾರವಾಡದ ಕುಮಾರೇಶ್ವರ ನಗರದಲ್ಲಿ 2019ರ ಮಾರ್ಚ್ 19ರಂದು ಕಟ್ಟುತ್ತಿದ್ದ ಕಟ್ಟಡ ಕುಸಿಯಿತು. ಕೆಳಗೆ ಅಂಗಡಿಗಳು ಆಗಲೇ ವ್ಯಾಪಾರ ನಡೆಸುತ್ತಿದ್ದವು. 19 ಜನ ಸತ್ತರು. ಬೆಂಗಳೂರಿನ ಬಾಬುಸಾಪಾಳ್ಯದಲ್ಲಿ 2024ರ ಅಕ್ಟೋಬರ್ ಮಳೆಯಲ್ಲಿ ಕಟ್ಟುತ್ತಿದ್ದ ಬಹುಮಹಡಿ ಕಟ್ಟಡ ನೆಲಕ್ಕೆ ಕೂತಿತು, ಒಳಗಿದ್ದವರು ಕೂಲಿ ಕಾರ್ಮಿಕರು, ಒಂಬತ್ತು ಜನ ಹೋದರು. ಆ ಸುದ್ದಿ ನೋಡಿದ ರಾತ್ರಿ ನನಗೆ ನಮ್ಮ ಮೂಲೆ ಪಿಲ್ಲರಿನ ಬುಡವೇ ಕಣ್ಣ ಮುಂದೆ ಬಂತು.

ಮಂಜೂರಾತಿ ನಕ್ಷೆ ಒಂದು, ಸ್ಟ್ರಕ್ಚರಲ್ ಡ್ರಾಯಿಂಗ್ ಇನ್ನೊಂದು. ಮೊದಲನೆಯದು ಪಾಲಿಕೆಗೆ, ಎರಡನೆಯದು ಮನೆ ನಿಲ್ಲಲು. ಎಷ್ಟೋ ಜನ ಎರಡನೆಯದನ್ನು ಮಾಡಿಸುವುದೇ ಇಲ್ಲ, ಮೇಸ್ತ್ರಿ ಅನುಭವದ ಮೇಲೆ ಕಬ್ಬಿಣ ಕಟ್ಟುತ್ತಾರೆ. ಡ್ರಾಯಿಂಗ್ ಮಾಡಿಸುವ ಮುಂಚೆ ಮಣ್ಣಿನ ಪರೀಕ್ಷೆ ಮಾಡಿಸಿ. ನೀವು ಮಾರ್ಬಲ್‌ಗೆ ಸುರಿಯುವ ದುಡ್ಡಿನ ಮುಂದೆ ಅದರ ಖರ್ಚು ಏನೂ ಅಲ್ಲ. ತುಂಬಿದ ಮಣ್ಣಿನ ಸೈಟಾದರೆ ಗಟ್ಟಿ ನೆಲ ಎಷ್ಟು ಆಳದಲ್ಲಿದೆ ಅಂತ ಅದೇ ಹೇಳಬೇಕು.

ಐದನೇ ಹೆಜ್ಜೆ: ಕರಾರು

ಚದರಕ್ಕೆ (ನೂರು ಚದರ ಅಡಿಗೆ) ಇಷ್ಟು ಅಂತ ಬಾಯಿ ಮಾತಲ್ಲಿ ಮುಗಿಸಬೇಡಿ. ಸಿಮೆಂಟ್, ಕಬ್ಬಿಣ ಯಾವ ಕಂಪನಿ, ಯಾವ ದರ್ಜೆ, ಸಂಪು ಸೇರಿದೆಯಾ, ಕಾಂಪೌಂಡ್ ಸೇರಿದೆಯಾ, ಬಾಲ್ಕನಿಯ ಲೆಕ್ಕ ಹೇಗೆ, ಎಲ್ಲ ಬರೆಯಿಸಿ. ಹಣ ಕೆಲಸದ ಹಿಂದೆ ಹೋಗಬೇಕು, ಮುಂದೆ ಅಲ್ಲ. ಪಾಯ ಆದ ಮೇಲೆ ಇಷ್ಟು, ಪ್ರತಿ ಮೋಲ್ಡ್ (ಚಾವಣಿಯ ಕಾಂಕ್ರೀಟ್) ಆದ ಮೇಲೆ ಇಷ್ಟು ಅಂತ. ಕೊನೆಯ ಕಂತಿನಲ್ಲಿ ಸ್ವಲ್ಪ ಹಣ ಒಂದು ಮಳೆಗಾಲ ಕಳೆಯುವ ತನಕ ಹಿಡಿದಿಡುತ್ತೇನೆ ಅಂತಲೂ ಬರೆಸಿ. ಮತ್ತೆ ಒಂದು ಸಾಲು, ನನಗೆ ಇದು ಬಹಳ ಮುಖ್ಯ: ಎಂಜಿನಿಯರ್ ನೋಡಿ ಸಹಿ ಹಾಕುವ ತನಕ ಯಾವ ಕಾಂಕ್ರೀಟನ್ನೂ ಹಾಕುವಂತಿಲ್ಲ.

ಆರನೇ ಹೆಜ್ಜೆ: ಕಬ್ಬಿಣ ಕಾಣುವ ದಿನ

ಪಾಯ ತೋಡಿದಾಗ ಕೆಳಗಿನ ಮಣ್ಣು ಎಲ್ಲ ಗುಂಡಿಯಲ್ಲೂ ಒಂದೇ ಥರ ಇದೆಯಾ ಇಳಿದು ನೋಡಿ. ಒಂದು ಗುಂಡಿಯಲ್ಲಿ ಮಾತ್ರ ಕಪ್ಪು ಮಣ್ಣು, ಪ್ಲಾಸ್ಟಿಕ್ ಚೂರು ಕಂಡರೆ ಅದು ಕಸ ತುಂಬಿದ ಜಾಗ. ಎಂಜಿನಿಯರ್ ಬರುವ ತನಕ ಮುಂದುವರಿಯಬೇಡಿ.

ಕಬ್ಬಿಣ ಬಂದಾಗ ತೂಕ ಹಾಕಿಸಿ. ಸರಳಿನ ಎಂಎಂ ಗಾತ್ರವನ್ನು ಅದರಿಂದಲೇ ಗುಣಿಸಿ 162ರಿಂದ ಭಾಗಿಸಿದರೆ ಒಂದು ಮೀಟರಿನ ತೂಕ ಕಿಲೋದಲ್ಲಿ ಬರುತ್ತದೆ. 12 ಎಂಎಂ ಸರಳು 12 ಮೀಟರ್ ಉದ್ದ ಇದ್ದರೆ ಸುಮಾರು 10.7 ಕಿಲೋ ತೂಗಬೇಕು, 8 ಎಂಎಂ ಆದರೆ 4.7 ಕಿಲೋ. ಸ್ವಲ್ಪ ಹೆಚ್ಚು ಕಡಿಮೆ ನಡೆಯುತ್ತದೆ, ಆದರೆ 12 ಎಂಎಂ ಸರಳು ಒಂಬತ್ತೂವರೆ ಕಿಲೋ ತೂಗಿದರೆ ಅದನ್ನು ವಾಪಸ್ ಕಳಿಸಿ. ಸರಳಿನ ಮೇಲೆ ಕಂಪನಿಯ ಹೆಸರು, ದರ್ಜೆ ಉಬ್ಬಿ ಕಾಣುತ್ತದೆ. 500ಡಿ ಅಂತ ಕರಾರಿನಲ್ಲಿದ್ದರೆ ಸರಳಿನ ಮೇಲೂ ಅದೇ ಇರಬೇಕು.

ಇನ್ನು ಕವರ್ ಬ್ಲಾಕ್. ಸಣ್ಣ ಸಿಮೆಂಟಿನ ಬಿಲ್ಲೆ, ಬೆಲೆ ಏನೂ ಇಲ್ಲ, ಆದರೆ ಮನೆಯ ಆಯಸ್ಸು ಅದರ ಮೇಲೆ ನಿಂತಿದೆ. ಕಬ್ಬಿಣಕ್ಕೂ ಹೊರಗಿನ ಗಾಳಿ ನೀರಿಗೂ ನಡುವೆ ಎಷ್ಟು ಕಾಂಕ್ರೀಟ್ ಇರಬೇಕು ಅಂತ ಅದು ಕಾಯುತ್ತದೆ. ಪಾಯಕ್ಕೆ 50 ಎಂಎಂ, ಪಿಲ್ಲರಿಗೆ 40, ಬೀಮಿಗೆ (ಪಿಲ್ಲರುಗಳ ಮೇಲಿನ ಅಡ್ಡ ತೊಲೆ) 25, ಮೋಲ್ಡಿಗೆ 20. ಕೆಲವರು ಜಲ್ಲಿ ಚೂರು ಅಥವಾ ಒಡೆದ ಟೈಲ್ಸ್ ಇಡುತ್ತಾರೆ, ಕಾಂಕ್ರೀಟ್ ಬೀಳುತ್ತಿದ್ದ ಹಾಗೆ ಅದು ಜಾರಿ ಕಬ್ಬಿಣ ಶೀಟಿಗೆ ಅಂಟಿಕೊಳ್ಳುತ್ತದೆ. ಹಳೇ ಮನೆಗಳ ಬಾತ್‌ರೂಮ್ ಮೇಲೆ ಕಾಂಕ್ರೀಟ್ ಹಪ್ಪಳದ ಹಾಗೆ ಉದುರಿ ತುಕ್ಕು ಹಿಡಿದ ಸರಳು ಕಾಣುತ್ತದಲ್ಲ, ಅಲ್ಲಿ ಬಹಳ ಸಲ ಆಗಿರೋದು ಇದೇ.

ಉದ್ದ ಸರಳುಗಳನ್ನು ಸುತ್ತಿ ಹಿಡಿಯುವ ರಿಂಗಿನ ಕೊಕ್ಕೆ ಒಳಕ್ಕೆ ಬಾಗಿರಬೇಕು, 135 ಡಿಗ್ರಿ. ಬರೀ ಎಲ್ ಆಕಾರಕ್ಕೆ ಮಡಚಿ ಬಿಟ್ಟರೆ ಭಾರ ಬಿದ್ದಾಗ ಬಿಚ್ಚಿಕೊಳ್ಳುತ್ತದೆ. ರಿಂಗುಗಳ ನಡುವಿನ ದೂರ ಡ್ರಾಯಿಂಗಿನಲ್ಲಿ ಇದ್ದ ಹಾಗೇ ಇದೆಯಾ ಟೇಪು ಹಿಡಿದು ಅಳೆಯಿರಿ, ಪಿಲ್ಲರಿನ ಮೇಲ್ತುದಿ ಮತ್ತು ಬುಡದಲ್ಲಿ ಮುಖ್ಯವಾಗಿ.

ಬಾಲ್ಕನಿ ಮತ್ತು ಚಜ್ಜಾದ ಬಗ್ಗೆ ಬೇರೆಯಾಗಿ ಹೇಳಬೇಕು. ಒಳಗಿನ ಮೋಲ್ಡಿನಲ್ಲಿ ಮುಖ್ಯ ಕಬ್ಬಿಣ ಕೆಳಗಿರುತ್ತದೆ. ಗೋಡೆಯಿಂದ ಹೊರಗೆ ಚಾಚಿದ ಬಾಲ್ಕನಿಯಲ್ಲಿ ಅದು ಮೇಲಿರಬೇಕು. ಅಕ್ಕನ ಮನೆಯ ಮೋಲ್ಡ್ ದಿನ ಹುಡುಗರು ಬಾಂಡ್ಲಿ ಹೊತ್ತು ಓಡಾಡುವಾಗ ಬಾಲ್ಕನಿಯ ಸರಳುಗಳ ಮೇಲೇ ಕಾಲಿಟ್ಟು ಹೋಗುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಮೇಲಿದ್ದ ಸರಳು ಶೀಟಿನ ತನಕ ಕುಗ್ಗಿತ್ತು. ಅದರ ಮೇಲೆ ಕಾಂಕ್ರೀಟ್ ಸುರಿದಿದ್ದರೆ ನೋಡಲು ಬಾಲ್ಕನಿ, ಒಳಗೆ ಹಿಡಿದುಕೊಳ್ಳಲು ಏನೂ ಇಲ್ಲ. ಸುರಿಯೋದನ್ನು ನಿಲ್ಲಿಸಿ, ಕಬ್ಬಿಣದ ಕುರ್ಚಿ (ಸರಳು ಬಗ್ಗಿಸಿ ಮಾಡಿದ ಆಸರೆ) ಇಟ್ಟು ಸರಳನ್ನು ಮೇಲೆತ್ತಿ, ಓಡಾಡಲು ಹಲಗೆ ಹಾಕಿಸಿದೆವು. ಹಲಗೆಯನ್ನು ಬೆಳಿಗ್ಗೆಯೇ ಹಾಕಿಸಿ. ಮತ್ತೆ ಕಾಂಕ್ರೀಟಿಗೆ ಮುಂಚೆ ಎಲ್ಲದರ ಫೋಟೋ ತೆಗೆದಿಡಿ, ಟೇಪು ಪಕ್ಕದಲ್ಲಿಟ್ಟು.

ಏಳನೇ ಹೆಜ್ಜೆ: ಮೋಲ್ಡ್ ದಿನ

ಅವತ್ತು ರಜೆ ಹಾಕಿ. ಬೇರೆ ಯಾವ ದಿನ ಹೋಗದಿದ್ದರೂ ಅವತ್ತು ಬೆಳಿಗ್ಗೆಯಿಂದ ಕೊನೆಯ ಬಾಂಡ್ಲಿ ತನಕ ಇರಿ.

ಕಾಂಕ್ರೀಟಿನ ಶತ್ರು ಜಾಸ್ತಿ ನೀರು. ತೆಳ್ಳಗಿದ್ದರೆ ಸುರಿಯೋದು ಸುಲಭ, ಹಾಗಾಗಿ ಯಾರೂ ನೋಡದಿದ್ದರೆ ಪೈಪು ಹಿಡಿದುಬಿಡುತ್ತಾರೆ. ಸೈಟಿನಲ್ಲೇ ಕಲಸುವ ಎಂ20 ದರ್ಜೆಯ ಕಾಂಕ್ರೀಟಿಗೆ ಐಎಸ್ 456 (ಕಾಂಕ್ರೀಟಿನ ಭಾರತೀಯ ಮಾನದಂಡ) ಹೇಳೋದು 50 ಕಿಲೋ ಚೀಲಕ್ಕೆ ಹೆಚ್ಚೆಂದರೆ 30 ಲೀಟರ್. ಮಳೆಗಾಲದಲ್ಲಿ ಎಂ ಸ್ಯಾಂಡ್ (ಕಲ್ಲು ಪುಡಿ ಮಾಡಿದ ಮರಳು) ಒದ್ದೆಯಿರುತ್ತದೆ, ಆಗ ಇನ್ನೂ ಕಡಿಮೆ. ಅಳತೆ ಮಾಡಿದ ಬಕೆಟ್ ಇಟ್ಟು ಅದರಲ್ಲೇ ಹಾಕಿಸಿ, ಪೈಪನ್ನು ಮಿಕ್ಸರ್ ಹತ್ತಿರ ಬಿಡಬೇಡಿ. ಜಲ್ಲಿ, ಮರಳಿಗೂ ಬಾಂಡ್ಲಿ ಎಣಿಕೆ ಬೇಡ, ಅಳತೆ ಪೆಟ್ಟಿಗೆ ಇರಲಿ. ರೆಡಿಮಿಕ್ಸ್ ತರಿಸಿದರೆ ಚೀಟಿಯಲ್ಲಿ ಲಾರಿ ಹೊರಟ ಹೊತ್ತು ನೋಡಿ. ಕಲಸಿದ ಎರಡು ಗಂಟೆಯೊಳಗೆ ಸುರಿದಾಗಬೇಕು, ನಮ್ಮ ಊರಿನ ಟ್ರಾಫಿಕ್ಕಿನಲ್ಲಿ ಅದು ಸಣ್ಣ ಮಾತಲ್ಲ. ತಡವಾದ ಲಾರಿಗೆ ಡ್ರೈವರ್ ನೀರು ಸೇರಿಸಲು ಬಂದರೆ ಒಪ್ಪಬೇಡಿ.

ನೀರಿನ ಗುಣವೂ ಮುಖ್ಯ. 2024ರ ಮಾರ್ಚ್‌ನಲ್ಲಿ ನೀರಿನ ಬರ ಬಂದಾಗ ಜಲಮಂಡಳಿ ಕಟ್ಟಡ ಕೆಲಸಕ್ಕೆ ಕುಡಿಯುವ ನೀರು ಬಳಸಬಾರದು ಅಂತ ಆದೇಶ ಮಾಡಿ 5000 ರೂಪಾಯಿ ದಂಡ ಇಟ್ಟಿತು. ಸಂಸ್ಕರಿಸಿದ ನೀರು, ಬೋರ್‌ವೆಲ್ ನೀರು ಯಾವುದೇ ಆಗಲಿ, ಲ್ಯಾಬಿಗೆ ಒಂದು ಬಾಟಲಿ ಕೊಡಿ. ಪಿಎಚ್ 6ಕ್ಕಿಂತ ಕಡಿಮೆ ಇರಬಾರದು. ಕಬ್ಬಿಣ ಇರುವ ಕಾಂಕ್ರೀಟಿಗೆ ಕ್ಲೋರೈಡ್ ಲೀಟರಿಗೆ 500 ಮಿಲಿಗ್ರಾಂ ಮೀರಬಾರದು.

ಕಾಂಕ್ರೀಟನ್ನು ಅಲುಗಿಸಿ ಕೂರಿಸುವ ವೈಬ್ರೇಟರ್ ಎರಡು ಇರಲಿ, ಒಂದು ಕೆಟ್ಟರೆ ಇನ್ನೊಂದು. ನಮ್ಮ ಮೂಲೆ ಪಿಲ್ಲರಿನ ಕಥೆ ಆದದ್ದೇ ಇದರಿಂದ, ಕೊನೆಯಲ್ಲಿ ಪೆಟ್ರೋಲ್ ಮುಗಿದು ಕೋಲಿನಲ್ಲಿ ಕುಕ್ಕಿದ್ದರು.

ಘನಗಳನ್ನು ಮಾಡಿಸಿ. 150 ಎಂಎಂ ಚೌಕದ ಅಚ್ಚಿನಲ್ಲಿ, ಸುರಿಯುತ್ತಿರುವ ಕಾಂಕ್ರೀಟಿನಿಂದಲೇ ತೆಗೆದು, ನಿಮ್ಮ ಕಣ್ಣ ಮುಂದೆ. ಒಂದು ಮೋಲ್ಡಿಗೆ ಆರು ಇರಲಿ, ಮೂರನ್ನು ಏಳನೇ ದಿನ, ಮೂರನ್ನು 28ನೇ ದಿನ ಲ್ಯಾಬಿನಲ್ಲಿ ಒಡೆಸಿ. ಏಳನೇ ದಿನಕ್ಕೆ ಸುಮಾರು ಮೂರನೇ ಎರಡರಷ್ಟು ಬಲ ಬಂದಿರಬೇಕು. ಮೇಸ್ತ್ರಿಗಳು "ನಲವತ್ತು ವರ್ಷದಿಂದ ಹಾಕ್ತಿದೀವಿ ಸಾರ್, ಇದೆಲ್ಲ ಯಾಕೆ" ಅನ್ನಬಹುದು. ಜಗಳ ಆಡಬೇಡಿ. "ಅಣ್ಣಾ, ನಿಮ್ಮ ಕೆಲಸ ಚೆನ್ನಾಗಿದೆ ಅಂತ ನನ್ನ ಹತ್ತಿರ ಒಂದು ಕಾಗದ ಇರಲಿ" ಅನ್ನಿ. ಅಚ್ಚು ಸೈಟಿನಲ್ಲಿ ಕಂಡರೇ ಸಾಕು, ಅವತ್ತಿನ ಕಲಸುವಿಕೆ ಬೇರೆ ಥರ ಇರುತ್ತದೆ.

ಎಂಟನೇ ಹೆಜ್ಜೆ: ನೀರು ನಿಲ್ಲಿಸಿ, ಶೀಟು ಬಿಚ್ಚಲು ಅವಸರ ಬೇಡ

ಬೆಂಗಳೂರಿನ ತಂಪು ಹವೆ ನೋಡಿ ಕ್ಯೂರಿಂಗ್ (ಕಾಂಕ್ರೀಟನ್ನು ಒದ್ದೆಯಾಗಿ ಇಡೋದು) ಕಡಿಮೆ ಮಾಡಿದರೆ ನಡೆಯುತ್ತೆ ಅಂದುಕೊಳ್ಳುತ್ತಾರೆ. ಇಲ್ಲಿನ ಗಾಳಿಯೇ ಕಾಂಕ್ರೀಟಿನ ನೀರನ್ನು ಎಳೆದುಬಿಡುತ್ತದೆ. ಈಗ ಹೆಚ್ಚಿನವರು ಬಳಸೋದು ಪಿಪಿಸಿ (ಹಾರುಬೂದಿ ಬೆರೆಸಿದ) ಸಿಮೆಂಟ್, ಅದಕ್ಕೆ ಕನಿಷ್ಠ 10 ದಿನ ಬೇಕು, ನೀವು 14 ಮಾಡಿಸಿ. ಮೋಲ್ಡ್ ಮೇಲೆ ಸಣ್ಣ ಕಟ್ಟೆ ಕಟ್ಟಿ ನೀರು ನಿಲ್ಲಿಸಿ. ಪಿಲ್ಲರಿಗೆ ಗೋಣಿಚೀಲ ಸುತ್ತಿ ಒದ್ದೆ ಇಡಿ. ದಿನಕ್ಕೆ ಎರಡು ಸಲ ಪೈಪು ಹಿಡಿದು ತೋಯಿಸೋದು ಕ್ಯೂರಿಂಗ್ ಅಲ್ಲ.

ಶೀಟು ಬಿಚ್ಚೋದಕ್ಕೂ ಲೆಕ್ಕ ಇದೆ. ಆಸರೆಯಿಂದ ಆಸರೆಗೆ ನಾಲ್ಕೂವರೆ ಮೀಟರ್ ತನಕದ ಮೋಲ್ಡಿನ ಕೆಳಗಿನ ಊರುಗೋಲು ಕನಿಷ್ಠ 7 ದಿನ, ಅದಕ್ಕಿಂತ ಅಗಲ ಇದ್ದರೆ 14 ದಿನ. ಬೀಮು ಆರು ಮೀಟರ್ ತನಕ 14, ಮೇಲಾದರೆ 21. ಇದು ಒಪಿಸಿ (ಸಾಮಾನ್ಯ) ಸಿಮೆಂಟಿನ ಲೆಕ್ಕ, ಪಿಪಿಸಿಗೆ ಇನ್ನೂ ತಡೆಯಬೇಕು. ಸೆಂಟ್ರಿಂಗಿನವರಿಗೆ ಶೀಟು ಬೇರೆ ಸೈಟಿಗೆ ಬೇಕಿರುತ್ತದೆ, ಒತ್ತಾಯ ಮಾಡುತ್ತಾರೆ. ಬಾಡಿಗೆ ಒಂದು ವಾರ ಜಾಸ್ತಿ ಕೊಟ್ಟರೂ ಪರವಾಗಿಲ್ಲ.

ಒಂಬತ್ತನೇ ಹೆಜ್ಜೆ: ಗೋಡೆ, ಪೈಪು, ತಾರಸಿ

ಗೋಡೆಯ ಬಗ್ಗೆ ಎರಡೇ ಮಾತು. ಬ್ಲಾಕ್‌ಗಳು ಹಸಿ ಇರಬಾರದು. ಗೋಡೆ ಮತ್ತು ಪಿಲ್ಲರ್ ಸೇರುವ ಕಡೆ ಗಾರೆ ಮಾಡುವ ಮುಂಚೆ ಜಾಲರಿ ಹೊಡೆಸಿ, ಇಲ್ಲದಿದ್ದರೆ ಅಲ್ಲಿ ಉದ್ದ ಗೆರೆ ಬಿರುಕು ಬರುತ್ತದೆ. ಗಾರೆಗೆ ಮುಂಚೆ ಪ್ರತಿ ಗೋಡೆಯ ಫೋಟೋ ತೆಗೆದಿಡಿ, ವೈರು ಪೈಪು ಎಲ್ಲಿ ಹೋಗಿದೆ ಅಂತ. ನಮ್ಮ ಮನೆಯಲ್ಲಿ ಗೀಸರ್ ಹಾಕಲು ಬಂದವರು ಡ್ರಿಲ್ ಹಿಡಿದಾಗ ಆ ಫೋಟೋ ನೋಡಿಯೇ ನಾಲ್ಕು ಇಂಚು ಪಕ್ಕಕ್ಕೆ ಹೋದೆವು.

ಬಾತ್‌ರೂಮಿಗೆ ವಾಟರ್‌ಪ್ರೂಫಿಂಗ್ ಆದ ಮೇಲೆ ಟೈಲ್ಸ್ ಹಾಕುವ ಮುಂಚೆ 48 ಗಂಟೆ ನೀರು ತುಂಬಿಸಿ ಬಿಡಿ. ಕೆಳಗಿನ ಮನೆಯ ಚಾವಣಿ ನೋಡಿ. ಒದ್ದೆ ಕಂಡರೆ ಈಗಲೇ ಸರಿ ಮಾಡಬಹುದು. ತಾರಸಿಗೂ ಹಾಗೇ. ತಾರಸಿಯ ಇಳಿಜಾರು ನೂರು ಅಡಿಗೆ ಒಂದು ಅಡಿಯಷ್ಟಾದರೂ ಇರಲಿ. 30×40 ಮತ್ತು ಅದಕ್ಕಿಂತ ದೊಡ್ಡ ಸೈಟಿನ ಹೊಸ ಮನೆಗೆ ಮಳೆನೀರು ಕೊಯ್ಲು ಕಡ್ಡಾಯ, ಪೈಪುಗಳನ್ನು ಈಗಲೇ ಸಂಪಿನ ಕಡೆಗೆ ತಿರುಗಿಸಿ.

ಹತ್ತನೇ ಹೆಜ್ಜೆ: ಒಸಿ

ಗೃಹಪ್ರವೇಶದ ಕಾರ್ಡು ಅಚ್ಚು ಹಾಕಿಸುವ ಮುಂಚೆ ಒಸಿ ಕೇಳಿ. ಮಂಜೂರಾದ ನಕ್ಷೆಯ ಹಾಗೇ ಕಟ್ಟಿದ್ದೀರಿ, ವಾಸಕ್ಕೆ ಯೋಗ್ಯ ಅಂತ ಪಾಲಿಕೆ ಕೊಡುವ ಪತ್ರ ಅದು. 2024ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟ್ ಒಸಿ ನೋಡದೆ ಕರೆಂಟು, ನೀರು, ಒಳಚರಂಡಿ ಸಂಪರ್ಕ ಕೊಡಬೇಡಿ ಅಂತ ಹೇಳಿದ ಮೇಲೆ ಬೆಂಗಳೂರಲ್ಲಿ ಎಷ್ಟೋ ಹೊಸ ಮನೆಗಳು ಮೀಟರ್ ಇಲ್ಲದೆ ನಿಂತುಬಿಟ್ಟವು. 2025ರಲ್ಲಿ ರಾಜ್ಯ ಸರ್ಕಾರ 1200 ಚದರ ಅಡಿ ತನಕದ ಸೈಟಿನ ಸಣ್ಣ ವಾಸದ ಮನೆಗಳಿಗೆ ವಿನಾಯಿತಿ ಕೊಟ್ಟಿದೆ. ವಿನಾಯಿತಿ ಇದ್ದರೂ ಮಂಜೂರಾದ ನಕ್ಷೆ ಬೇಕು, ಅದು ನೆನಪಿರಲಿ.

ಫ್ಲಾಟ್ ತಗೊಳ್ಳುವವರಿಗೆ

ನಿಮಗೆ ಕಬ್ಬಿಣ ಕಾಣುವ ದಿನ ಸಿಗುವುದಿಲ್ಲ, ಹಾಗಾಗಿ ಕಾಗದವನ್ನು ಇನ್ನೂ ಗಟ್ಟಿಯಾಗಿ ಹಿಡಿಯಬೇಕು. ಜಾಗ 500 ಚದರ ಮೀಟರ್ ಮೀರಿದ್ದರೆ ಅಥವಾ ಎಂಟಕ್ಕಿಂತ ಹೆಚ್ಚು ಫ್ಲಾಟ್ ಇದ್ದರೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಬೇಕು. ಕರ್ನಾಟಕ ರೇರಾ ಜಾಲತಾಣದಲ್ಲಿ ಆ ಯೋಜನೆಯ ಮಂಜೂರಾತಿ ನಕ್ಷೆ ಇರುತ್ತದೆ. ಅದನ್ನು ಇಳಿಸಿಕೊಂಡು ಸೈಟಿಗೆ ಹೋಗಿ ಮಹಡಿ ಎಣಿಸಿ. ನಕ್ಷೆಯಲ್ಲಿ ನಾಲ್ಕು, ಕಣ್ಣಿಗೆ ಐದು ಕಂಡರೆ ಅಲ್ಲಿಂದ ಹೊರಟುಬಿಡಿ. ಮಾರಾಟ ಕರಾರು ನೋಂದಣಿ ಆಗುವ ಮುಂಚೆ ಶೇಕಡ 10ಕ್ಕಿಂತ ಹೆಚ್ಚು ಹಣ ಕೇಳುವ ಹಾಗಿಲ್ಲ. ಕೈಗೆ ಕೀಲಿ ಬಂದ ಐದು ವರ್ಷದೊಳಗೆ ಕಟ್ಟಡದ ರಚನೆಯಲ್ಲಿ, ಕೆಲಸದ ಗುಣಮಟ್ಟದಲ್ಲಿ ದೋಷ ಕಂಡು ನೀವು ತಿಳಿಸಿದರೆ ಬಿಲ್ಡರ್ 30 ದಿನದಲ್ಲಿ ಹಣ ಕೇಳದೆ ಸರಿ ಮಾಡಿಕೊಡಬೇಕು, ಇದು ರೇರಾ ಕಾಯ್ದೆಯ 14ನೇ ಕಲಂ. ವಾಟ್ಸಾಪ್ ಮೆಸೇಜು ಸಾಲದು, ಇಮೇಲ್ ಮತ್ತು ರಿಜಿಸ್ಟರ್ಡ್ ಪೋಸ್ಟ್ ಎರಡರಲ್ಲೂ ಕಳಿಸಿ, ತಾರೀಕು ಕಾಣುವ ಫೋಟೋ ಜೊತೆ.

ಮನೆ ಮುಗಿದ ಮೇಲೆ, ಪಕ್ಕದ ಸೈಟಿನಲ್ಲಿ ತೋಡಲು ಶುರು ಮಾಡಿದರೆ

ನಿಮ್ಮ ಮನೆ ಗಟ್ಟಿಯಿದ್ದರೂ ಪಕ್ಕದಲ್ಲಿ ಬೇಸ್‌ಮೆಂಟಿಗೆ ಹದಿನೈದು ಅಡಿ ತೋಡಿ, ಅಂಚಿಗೆ ಆಸರೆ ಕೊಡದೆ ಮಳೆಗಾಲಕ್ಕೆ ಬಿಟ್ಟರೆ ನಿಮ್ಮ ಪಾಯದ ಮಣ್ಣು ಅತ್ತ ಸರಿಯುತ್ತದೆ. ಜೆಸಿಬಿ ಬಂದ ದಿನವೇ ನಿಮ್ಮ ಮನೆಯ ಒಳಗೆ ಹೊರಗೆ ಎಲ್ಲ ಗೋಡೆಯ ಫೋಟೋ ತೆಗೆಯಿರಿ, ಮೊದಲೇ ಇದ್ದ ಬಿರುಕು ಯಾವುದು ಅಂತ ಆಮೇಲೆ ವಾದ ಬರಬಾರದು. ಪಕ್ಕದವರ ಹತ್ತಿರ ಮಂಜೂರಾದ ನಕ್ಷೆ ತೋರಿಸಲು ಕೇಳಿ, ಅಂಚಿನ ಮಣ್ಣಿಗೆ ಏನು ಆಸರೆ ಕೊಡುತ್ತೀರಿ ಅಂತ ಎಂಜಿನಿಯರ್ ಜೊತೆ ಮಾತಾಡಿ, ಮಾತಿಗೆ ಬಗ್ಗದಿದ್ದರೆ ಪಾಲಿಕೆಗೆ ಲಿಖಿತ ದೂರು ಕೊಡಿ.

ಹೊಸ ಬಿರುಕು ಕಂಡರೆ ಅದರ ಅಡ್ಡಲಾಗಿ ತೆಳು ಗಾಜಿನ ಪಟ್ಟಿಯೊಂದನ್ನು ಎರಡೂ ತುದಿಗೆ ಗಟ್ಟಿ ಅಂಟು ಹಾಕಿ ಕೂರಿಸಿ, ಪಕ್ಕದಲ್ಲಿ ಪೆನ್ಸಿಲಿನಲ್ಲಿ ತಾರೀಕು ಬರೆಯಿರಿ. ದಿನಾ ಬೆಳಿಗ್ಗೆ ಕಾಫಿ ಹಿಡಿದುಕೊಂಡೇ ಹೋಗಿ ನೋಡಬಹುದು. ಗಾಜು ಹಾಗೇ ಇದ್ದರೆ ಬಿರುಕು ನಿಂತಿದೆ. ಒಡೆದಿದ್ದರೆ ಬೆಳೆಯುತ್ತಿದೆ, ಅವತ್ತೇ ಸ್ಟ್ರಕ್ಚರಲ್ ಎಂಜಿನಿಯರ್‌ಗೆ ಫೋನ್ ಮಾಡಿ, ಅವರು ಬಂದು ನೋಡುವ ತನಕ ಆ ಕೋಣೆಯಲ್ಲಿ ಮಕ್ಕಳನ್ನು ಮಲಗಿಸಬೇಡಿ.